ಬಾಪ ಪಾಸಾದ ಕಣ್ಣಿನ ಪರೀಕ್ಷೆ

ಸ್ನೇಹಿತರೇ, ಇವತ್ತು ದರ್ಬೆಯ ಕಣ್ಣಿನ ಕ್ಲಿನಿಕ್ಕಿನಲ್ಲಿ ಜಗಳ ಮಾಡಿದೆ. "ಗೋಡೆಯ ಅಕ್ಷರ ಎಲ್ಲ ಸರಿ ಓದಿದ್ದೇನಲ್ಲ, ಮತ್ತೆ ಎಂತಕ್ಕೆ ಕಣ್ಣಿನ ಫೋಟೋ?" ಎಂದು ರೇಗಿದೆ. ಅಲ್ಲಿನ ಹುಡುಗಿ ಫೋಟೋ ತೆಗೆದು ತೋರಿಸಿದಳು. ಕಣ್ಣಿನ ಹಿಂಭಾಗದಲ್ಲಿ ನಾಲ್ಕಾರು ರಕ್ತದ ಚುಕ್ಕೆಗಳಿದ್ದವು. "ಶುಗರಿನಿಂದ ಆದದ್ದು ಅಜ್ಜಿ. ಈಗಲೇ ಗೊತ್ತಾಯ್ತಲ್ಲ, ಮದ್ದು ಉಂಟು."

ನಾನು ಅತ್ತುಬಿಟ್ಟೆ. ಹೆದರಿದೆನೆಂದು ಅವಳು ತಿಳಿದಳು. ನನಗೆ ನೆನಪಾದದ್ದು ನನ್ನ ಅಪ್ಪ, ನಮ್ಮ ಬ್ಯಾರಿ ಮಾತಿನಲ್ಲಿ ಬಾಪ.

ಅರವತ್ತರ ದಶಕದಲ್ಲಿ, ಸಕ್ಕರೆ ಕಾಯಿಲೆಯಿದ್ದ ಬಾಪನ ಕೈಹಿಡಿದು ಪುತ್ತೂರಿನ ಕನ್ನಡಕದಂಗಡಿಗೆ ಹೋಗಿದ್ದೆ. ಬಾಪನಿಗೆ ಕನ್ನಡ ಓದಲು ಬಾರದು. "ನಿಮಗೆ ಬರುವುದನ್ನೇ ಓದಿ ಬ್ಯಾರಿಗಳೇ" ಎಂದರು ಅಂಗಡಿಯವರು. ಬಾಪ ಜೇಬಿನಿಂದ ಕುರ್‌ಆನಿನ ಯಾಸೀನ್ ಅಧ್ಯಾಯದ ಪುಟ್ಟ ಕಿತಾಬು ತೆಗೆದು ಒಂದಕ್ಷರ ತಪ್ಪದೆ ಓದಿದರು. ಸರಿಯಾದ ಜಾಗದಲ್ಲಿ ಪುಟವನ್ನೂ ತಿರುವಿದರು. "ಕಣ್ಣಿಗೆ ಎಂತ ಆಗ್ಲಿಲ್ಲ" ಎಂದು ಅಂಗಡಿಯವರು ಕಳಿಸಿಕೊಟ್ಟರು. ಮರುವರ್ಷ ಬಾಪನಿಗೆ ಪೂರ್ತಿ ಕಣ್ಣು ಹೋಯಿತು.

ಯಾಸೀನ್ ಅಧ್ಯಾಯ ಬಾಪನಿಗೆ ಚಿಕ್ಕಂದಿನಿಂದ ಬಾಯಿಪಾಠ. ಅದು ನನಗೆ ಗೊತ್ತಿತ್ತು. ಬಾಪ ಪಾಸಾದರೆಂಬ ಖುಷಿಯಲ್ಲಿ ಸುಮ್ಮನಿದ್ದೆ.

ಈ ಫೋಟೋ ಯಂತ್ರಕ್ಕೆ ಬಾಯಿಪಾಠ ಒಪ್ಪಿಸಲಾಗುವುದಿಲ್ಲ. ಬಾಪ ಅಂದು ಫೇಲಾಗಬೇಕಿತ್ತು.