ಮೇಜಿನ ಮೇಲೆ ತಲೆಕೆಳಗಾದ ನಗು

"ಈ ಊರಲ್ಲಿ ಯಾರಾದ್ರೂ ಹಲ್ಲು ಕಿರಿದ್ರೆ ಅದು ನಾನು ಮಾಡಿದ ಹಲ್ಲೇ ಅಂತ ಬರ್ಕೊಳ್ಳಿ. ಮದುವೆ ಮನೇಲಿ ನಗೋದೂ ನನ್ನ ಹಲ್ಲು, ಬಸ್ಸಲ್ಲಿ ಸೀಟಿಗೆ ಜಗಳ ಆಡೋದೂ ನನ್ನ ಹಲ್ಲು!"

ಇಷ್ಟು ಹೇಳಿ ಅಜ್ಜಿ ಸ್ಪಿರಿಟ್ ದೀಪಕ್ಕೆ ಕಡ್ಡಿ ಗೀರುತ್ತಾರೆ. ನೀಲಿ ಜ್ವಾಲೆ ನೆಟ್ಟಗೆ ನಿಂತ ಮೇಲೆ ಮೆಲ್ಲಗೆ ಸೇರಿಸುತ್ತಾರೆ: "ಅರ್ಧ ಸುಳ್ಳು ಅಂತಿಟ್ಕೊಳ್ಳಿ. ಮಿಕ್ಕರ್ಧ ಮಾತ್ರ ಅಪ್ಪಟ ನಿಜ."

ಬೀದಿಗೆ ಇನ್ನೂ ಪೂರ್ತಿ ಬೆಳಕಾಗಿಲ್ಲ. ಔಷಧಿ ಅಂಗಡಿಯ ಮೇಲಿನ ಮಹಡಿ, ಒಬ್ಬರು ಇಳಿಯುವಾಗ ಇನ್ನೊಬ್ಬರು ಹತ್ತಲಾಗದಂಥ ಮೆಟ್ಟಿಲು, ಕೊನೆಯಲ್ಲಿ ಬೆಂಕಿಪೊಟ್ಟಣದಂಥ ಒಂದು ಕೋಣೆ. ಇದೇ ಹಲ್ಲಿನ ಲ್ಯಾಬು. ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಗಳ ಮೇಲೆ ಸಾಲಾಗಿ ಪ್ಲಾಸ್ಟರಿನ ಬಾಯಿಗಳು. ಮೂಗಿಲ್ಲ, ಕಣ್ಣಿಲ್ಲ, ಬರೀ ದವಡೆ. ಅಜ್ಜಿ ಒಂದನ್ನು ಎತ್ತಿ ಉಫ್ ಎಂದು ಧೂಳು ಊದಿ ಮೇಜಿಗಿಡುತ್ತಾರೆ. ಸಣ್ಣ ಚಾಕುವಿನ ತುದಿಯನ್ನು ಜ್ವಾಲೆಗೆ ಹಿಡಿದು, ಮೇಣ ಕರಗಿಸಿ, ಹಲ್ಲಿಲ್ಲದ ಸಂದಿಗೆ ಹನಿಹನಿಯಾಗಿ ಬಿಡುತ್ತಾರೆ. ಹನಿ ಆರುತ್ತದೆ. ಕೆತ್ತುತ್ತಾರೆ. ಮತ್ತೊಂದು ಹನಿ.

ಎಲ್ಲರೂ ಕರೆಯುವುದು ಹಲ್ಲಜ್ಜಿ ಎಂದು. ಆಕೆಯ ಸ್ವಂತ ಬಾಯಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಹಲ್ಲು. ನೀವೇಕೆ ಹಾಕಿಸಿಕೊಂಡಿಲ್ಲ ಎಂದು ಕೇಳಿದವರಿಗೆ ಉತ್ತರ ಸಿದ್ಧವಾಗಿದೆ. "ಬ್ರಿಜ್ಜು ನಿಲ್ಲೋಕೆ ಎರಡೂ ಕಡೆ ದಡ ಗಟ್ಟಿ ಇರ್ಬೇಕಲ್ವಾ? ನನ್ನ ಬಾಯಿ ಪೂರ್ತಿ ಹೊಳೆ!"

ತಮಾಷೆಯಾದರೂ ಕೆಲಸದ ಗುಟ್ಟು ಅದರಲ್ಲೇ ಇದೆ. ಹಲ್ಲು ಬಿದ್ದ ಜಾಗದ ಅಕ್ಕಪಕ್ಕದ ಹಲ್ಲುಗಳನ್ನು ಡಾಕ್ಟರು ಅರೆದು ಗೂಟದಂತೆ ಮಾಡುತ್ತಾರೆ. ಬಾಯಿಯ ಅಚ್ಚು ಲ್ಯಾಬಿಗೆ ಬರುತ್ತದೆ. ಇಲ್ಲಿ ಮೇಣದಲ್ಲಿ ಆಕಾರ ಕೊಟ್ಟು, ಅದನ್ನು ಲೋಹಕ್ಕಿಳಿಸಿ, ಮೇಲೆ ಪಿಂಗಾಣಿ ಹಚ್ಚಿ ಫರ್ನೇಸಿನಲ್ಲಿ ಸುಡುತ್ತಾರೆ. ಡಾಕ್ಟರು ಅದನ್ನು ಸೇತುವೆಯಂತೆ ಗೂಟಗಳ ಮೇಲೆ ಕೂರಿಸಿ ಅಂಟಿಸುತ್ತಾರೆ; ಇದೇ ಬ್ರಿಜ್ಜು. ರಾತ್ರಿ ತೆಗೆದು ಲೋಟಕ್ಕೆ ಹಾಕುವ ಸೆಟ್ಟಲ್ಲ ಇದು. ಒಮ್ಮೆ ಕೂತರೆ ಕೂತಿತು, ಬೇಡವೆಂದರೆ ಕೊಯ್ದೇ ತೆಗೆಯಬೇಕು. "ಪಾಪ, ತಪ್ಪೇ ಮಾಡದ ಎರಡು ಹಲ್ಲು ಪಕ್ಕದ್ದಕ್ಕೋಸ್ಕರ ತಲೆ ಕೊಡ್ತಾವೆ. ಅದಕ್ಕೇ ಕೈ ತಪ್ಪಬಾರ್ದು," ಎನ್ನುತ್ತಾರೆ ಅಜ್ಜಿ.

ಇಷ್ಟು ವರ್ಷ ತಾನು ಹಲ್ಲು ಮಾಡಿಕೊಟ್ಟವರಲ್ಲಿ ಒಬ್ಬರನ್ನು ಬಿಟ್ಟು ಯಾರ ಮುಖವನ್ನೂ ಆಕೆ ಕಂಡಿಲ್ಲ. ಅವರಿಗೂ ಈಕೆ ಗೊತ್ತಿಲ್ಲ. ಅಚ್ಚು ಬರುತ್ತದೆ, ಹಲ್ಲು ಹೋಗುತ್ತದೆ, ಅಷ್ಟೇ ಪರಿಚಯ. "ದಾರೀಲಿ ಯಾರಾದ್ರೂ ಆಕಳಿಸಿದ್ರೆ ಬಗ್ಗಿ ನೋಡ್ತೀನಿ, ನಂದೇ ಇರ್ಬಹುದಾ ಅಂತ. ಮೊನ್ನೆ ಒಬ್ಬರು ಬೈದ್ರು. ಬೈಯೋವಾಗ ಬಾಯಿ ತೆಗೆದ್ರಲ್ಲ, ನೋಡ್ಕೊಂಡೆ. ನಂದಲ್ಲ."

ಕೆಲಸ ಕಲಿಸಿದ್ದು ಗಂಡ. ಇದೇ ಲ್ಯಾಬಿನಲ್ಲಿ, ಇದೇ ಸ್ಟೂಲಿನ ಮೇಲೆ ಕೂತು ದುಡಿದವರು. ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈ ಮುಗಿದ ಈಕೆ, ಮೊದಮೊದಲು ಪ್ಲಾಸ್ಟರ್ ಕಲಸಿದ ಬಟ್ಟಲು ತೊಳೆಯಲು ಬರುತ್ತಿದ್ದರು. ಆಮೇಲೆ ಅಚ್ಚು ಹೊಯ್ದರು, ಆಮೇಲೆ ಚಾಕು ಹಿಡಿದರು. ಗಂಡ ಹೋದ ಮೇಲೆ ಸ್ಟೂಲು ಆಕೆಯದಾಯಿತು.

ಆ ಮನುಷ್ಯನ ಮುಂದಿನ ಎರಡು ಹಲ್ಲುಗಳಲ್ಲಿ ಒಂದು ಇನ್ನೊಂದರ ಮೇಲೆ ಏರಿತ್ತು. "ಗೆಳೆಯನ ಹೆಗಲ ಮೇಲೆ ಕೈ ಹಾಕ್ಕೊಂಡು ನಿಂತಂಗೆ. ಅವರು ನಕ್ಕರೆ ಹಾರೋ ವಿಮಾನ ನಿಂತು ನೋಡ್ತಿತ್ತು. ಊರಿಗೆಲ್ಲಾ ನೆಟ್ಟಗಿರೋ ಹಲ್ಲು ಹಂಚಿದ್ರು, ತಾವು ಸೊಟ್ಟ ಹಲ್ಲಲ್ಲೇ ಹೋದ್ರು." ಅಜ್ಜಿ ನಗುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ಆ ನಗುವಿನ ಒಂದು ಗುರುತೂ ಮನೆಯಲ್ಲಿಲ್ಲ. ಸ್ಟುಡಿಯೋದವರು ಬಾಯಿ ಮುಚ್ಚಿ ಎಂದು ಗದರಿಸುತ್ತಿದ್ದ ಕಾಲದ ಫೋಟೋಗಳು. ಎಲ್ಲದರಲ್ಲೂ ಠಾಣೆಗೆ ಕರೆಸಿದವರ ಹಾಗೆ ತುಟಿ ಬಿಗಿದು ಕೂತಿದ್ದಾರೆ. "ಅದು ಹೋಗ್ಲಿ. ದಿನಾ ಊರೋರ ಬಾಯಿಗೆಲ್ಲಾ ಅಚ್ಚು ಹೊಯ್ಯೋ ಕೈ ಇದು. ಮನೆಯವರದೊಂದು ಹೊಯ್ದಿಟ್ಕೊಳ್ಳೋಣ ಅನ್ನೋ ಬುದ್ಧಿ ಬರ್ಲಿಲ್ಲ ನೋಡಿ. ಒಂದು ಬಟ್ಟಲು ಪ್ಲಾಸ್ಟರು. ಅಷ್ಟೇ ಬೇಕಾಗಿದ್ದು."

ಉಳಿದಿದ್ದ ಆಸರೆ ನಾದಿನಿಯ ಬಾಯಿ. ಗಂಡನ ತಂಗಿಗೂ ಅದೇ ಹಲ್ಲು, ಅದೇ ಕಡೆಗೆ ಅದೇ ಸೊಟ್ಟು. ಆಕೆ ನಕ್ಕಾಗಲೆಲ್ಲ ಅಜ್ಜಿಗೆ ಒಂದು ಕ್ಷಣ ಗಂಡ ಕಾಣುತ್ತಿದ್ದರು. "ಅವಳನ್ನ ನಗ್ಸೋಕೆ ನಾನು ಹೇಳದ ಸುಳ್ಳಿಲ್ಲ."

ಮೊನ್ನೆ ಮೊನ್ನೆ ಆ ನಾದಿನಿ ಬಚ್ಚಲಲ್ಲಿ ಜಾರಿ ಬಿದ್ದರು. ಮುಂದಿನ ಎರಡೂ ಹಲ್ಲು ಹೋದವು. ಡಾಕ್ಟರು ಅಕ್ಕಪಕ್ಕದ ಹಲ್ಲು ಅರೆದು, ಅಚ್ಚು ತೆಗೆದು ಇದೇ ಲ್ಯಾಬಿಗೆ ಕಳಿಸಿದರು. ಅಚ್ಚಿನ ಹಿಂದೆಯೇ ನಾದಿನಿಯೂ ಬಾಯಿಗೆ ಕೈ ಅಡ್ಡ ಹಿಡಿದು ಮೆಟ್ಟಿಲು ಹತ್ತಿ ಬಂದರು.

"ಅತ್ತಿಗೆ, ಈ ಸಲನಾದ್ರೂ ನೆಟ್ಟಗಿರೋ ಹಲ್ಲು ಮಾಡ್ಕೊಡಿ. ಹುಟ್ಟಿದಾಗಿಂದ ಸೊಟ್ಟ ಸೊಟ್ಟ ಅನ್ನಿಸ್ಕೊಂಡು ಸಾಕಾಗಿದೆ."

"ಈ ವಯಸ್ಸಲ್ಲಿ ಯಾರಿಗೆ ತೋರಿಸ್ಬೇಕೇ? ಗಂಡು ನೋಡೋಕೆ ಬರ್ತಿದ್ದಾನಾ?"

"ಬರ್ಲಿ ಬಿಡಿ. ಬಂದ್ರೆ ನಿಮಗೇನು ಕಷ್ಟ?"

"ಆಯ್ತು ಕಣೇ. ದಾರ ಹಿಡಿದಂಗೆ ಮಾಡ್ಕೊಡ್ತೀನಿ, ಹೋಗು."

ಮಾಡಲಿಲ್ಲ. ನಾದಿನಿ ಮೆಟ್ಟಿಲಿಳಿದ ಮೇಲೆ ಅಜ್ಜಿ ಕಣ್ಣು ಮುಚ್ಚಿಕೊಂಡು ಕೂತರು. ಎದುರಿಗೆ ಗಂಡ ನಗುವುದು ಕಾಣುವ ತನಕ ಕೂತರು. ಕಂಡ ಹಾಗೆಯೇ ಮೇಣದಲ್ಲಿ ಕೆತ್ತಿದರು. ಮೇಲೆ ಪಿಂಗಾಣಿ ಹಚ್ಚುವಾಗಲೂ ಕಣ್ಣ ಮುಂದೆ ಅದೇ ಮುಖ. ಒಂದು ಹಲ್ಲು ಇನ್ನೊಂದರ ಹೆಗಲ ಮೇಲೆ ಕೈ ಹಾಕಿತು.

ಮತ್ತೊಮ್ಮೆ ಸುಟ್ಟು ಕೊನೆಯ ಹೊಳಪು ಕೊಡುವ ಮುಂಚೆ ಹಲ್ಲನ್ನು ಒಮ್ಮೆ ಬಾಯಿಗಿಟ್ಟು ನೋಡುವುದು ರೂಢಿ. ಆ ದಿನ ಅಜ್ಜಿ ಮೊದಲ ಸಲ ಡಾಕ್ಟರ ಕೋಣೆಯ ಬಾಗಿಲು ದಾಟಿದರು. ಡಾಕ್ಟರಿಗೆ ಅಚ್ಚರಿ.

"ಏನಜ್ಜಿ, ನಿಮ್ಮ ಕೈಯಲ್ಲಿ ಸೊಟ್ಟ ಹಲ್ಲು?"

"ಕೂರ್ಸಿ ಸಾರ್. ಬೇಡ ಅಂದ್ರೆ ಹೊಸದು ಮಾಡ್ಕೊಡ್ತೀನಿ."

ಕೂರಿಸಿದರು. "ಎಲ್ಲಿ, ಹಲ್ಲು ಬಿಡೇ," ಎಂದರು ಅಜ್ಜಿ. ನಾದಿನಿ ಹಲ್ಲು ಬಿಟ್ಟರು. ಅಜ್ಜಿ ಬಗ್ಗಿ ನೋಡಿದರು.

ಅದು ಗಂಡನ ನಗುವಲ್ಲ. ಏರಬೇಕಾದ ಹಲ್ಲು ಕೆಳಗಿತ್ತು, ಕೆಳಗಿರಬೇಕಾದ್ದು ಏರಿತ್ತು. ಎಡ ಬಲವಾಗಿತ್ತು.

ತಪ್ಪು ಎಲ್ಲಾಯಿತೆಂದು ಆಕೆಗೆ ತಕ್ಷಣ ಹೊಳೆಯಿತು. ಮೇಲಿನ ದವಡೆಯ ಅಚ್ಚು ಮೇಜಿನ ಮೇಲೆ ಯಾವಾಗಲೂ ತಲೆಕೆಳಗಾಗಿ, ಹಲ್ಲು ಮೇಲಾಗಿ ಕೂರುತ್ತದೆ. ತಲೆಕೆಳಗಾದರೆ ಎಡಬಲ ಅದಲು ಬದಲು. ಬೇರೆ ದಿನಗಳಲ್ಲಿ ಅಚ್ಚನ್ನೇ ನೋಡಿ ಅಚ್ಚಿನ ಮೇಲೇ ಕೆತ್ತುವ ಕೈಗೆ ಅದರಿಂದ ತೊಂದರೆಯಿಲ್ಲ. ಈ ಸಲ ಕಣ್ಣಲ್ಲಿದ್ದದ್ದು ನೆಟ್ಟಗೆ ನಿಂತು ನಗುವ ಮುಖ. ಅದನ್ನು ನೋಡಿಕೊಂಡು ತಲೆಕೆಳಗಾದ ದವಡೆಯ ಮೇಲೆ ಕೆತ್ತಿದ್ದರು. "ಮುಖ ನೋಡಿ ಹಲ್ಲು ಮಾಡಿದ್ದು ಅದೊಂದೇ ಸಲ. ಅದೊಂದೇ ಸಲ ತಪ್ಪಿದ್ದು."

ಇನ್ನೊಂದು ಮಾಡುತ್ತೇನೆ ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಡಾಕ್ಟರು ನಾದಿನಿಯ ಕೈಗೆ ಕನ್ನಡಿ ಕೊಟ್ಟಾಗಿತ್ತು. ನಾದಿನಿ ನೋಡಿದರು. ಮೊದಲು ಹುಬ್ಬು ಗಂಟಿಕ್ಕಿತು. ಬೈಗುಳ ಬರುತ್ತದೆಂದು ಅಜ್ಜಿ ಕಾದರು. ಬರಲಿಲ್ಲ.

"ಅಯ್ಯೋ, ಅಣ್ಣ!" ಎಂದರು ನಾದಿನಿ.

ಕನ್ನಡಿಯೂ ಎಡಬಲ ಅದಲು ಬದಲು ಮಾಡುತ್ತದೆ. ಅಜ್ಜಿ ತಿರುವು ಮುರುವಾಗಿ ಕೆತ್ತಿದ್ದನ್ನು ಅದು ಮತ್ತೆ ತಿರುಗಿಸಿ, ಎದುರಿಗೆ ನಿಂತ ಅಣ್ಣನ ಹಾಗೆಯೇ ತೋರಿಸಿತ್ತು.

"ಇಷ್ಟು ವರ್ಷ ಕನ್ನಡಿ ನೋಡ್ಕೊಂಡೆ ಅತ್ತಿಗೆ, ಒಂದಿನಾನೂ ಅಣ್ಣ ಕಂಡಿರ್ಲಿಲ್ಲ. ಬರೀ ನನ್ನ ಸೊಟ್ಟ ಹಲ್ಲೇ ಕಾಣ್ತಿತ್ತು. ಇವತ್ತು ಅವನೇ ನಗ್ತಿದ್ದಾನೆ. ಡಾಕ್ಟ್ರೇ, ನೆಟ್ಟಗಿರೋದು ಬೇಡ. ಇದನ್ನೇ ಅಂಟಿಸ್ಬಿಡಿ."

ಅಂದು ಮಧ್ಯಾಹ್ನ ಹಲ್ಲು ಹೊಳಪಿಗೆಂದು ಲ್ಯಾಬಿಗೆ ಮರಳಿತು. ಅಜ್ಜಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಫರ್ನೇಸಿನ ಮುಂದೆ ಬಹಳ ಹೊತ್ತು ಕೂತರು. ಹೊಸದಾಗಿ ಮಾಡಬಹುದಿತ್ತು. ಸರಿಯಾದ ಕಡೆಗೇ ಸೊಟ್ಟ ಮಾಡಿಟ್ಟರೆ ನಾದಿನಿ ಎದುರಿಗೆ ಬಂದು ನಕ್ಕಾಗಲೆಲ್ಲ ಗಂಡ ಮೊದಲಿನಂತೆ ಕಾಣುತ್ತಿದ್ದರು. ಆದರೆ ಕನ್ನಡಿಯಲ್ಲಿ ಅಣ್ಣ ಮಾಯವಾಗುತ್ತಿದ್ದ.

"ಅವಳು ಕನ್ನಡೀನ ಹೆಂಗೆ ಹಿಡ್ಕೊಂಡಿದ್ಲು ಗೊತ್ತಾ? ಎರಡೂ ಕೈಲಿ, ಬಿದ್ದು ಹೋಗತ್ತೇನೋ ಅನ್ನೋ ಹಂಗೆ. ನಾನು ಅವರ ಜೊತೆ ಬಾಳಿದ್ದೀನಿ. ಅವಳು ಅವರ ಒಡಹುಟ್ಟಿದೋಳು. ಕಿತ್ಕೊಳ್ಳೋಕೆ ನಾನ್ಯಾರು?"

ಇದ್ದದ್ದನ್ನು ಇದ್ದ ಹಾಗೆಯೇ ಫರ್ನೇಸಿಗಿಟ್ಟರು. ಮರುದಿನ ಡಾಕ್ಟರು ಅಂಟಿಸಿದರು.

ಬೀದಿಯಲ್ಲೀಗ ಬಸ್ಸುಗಳ ಸದ್ದು. ಕಿಟಕಿಯಿಂದ ಬಿಸಿಲು ಪ್ಲಾಸ್ಟರಿನ ಬಾಯಿಗಳ ಮೇಲೆ ಬಿದ್ದಿದೆ. ನಾದಿನಿ ಎದುರಿಗೆ ನಕ್ಕರೆ ಈಗಲೂ ತಲೆ ತಗ್ಗಿಸಿಬಿಡುತ್ತೇನೆ ಎಂದು ಅಜ್ಜಿ ಒಪ್ಪಿಕೊಳ್ಳುತ್ತಾರೆ. ಆ ಹಲ್ಲು ನೋಡಿದರೆ ಗಂಡ ಬಾಗಿಲ ತನಕ ಬಂದು ಹಿಂತಿರುಗಿದ ಹಾಗಾಗುತ್ತದಂತೆ. ಆದರೂ ಭಾನುವಾರ ಬಂತೆಂದರೆ ಹೋಗುವುದು ಆಕೆಯ ಮನೆಗೇ.

ಚಾಕುವನ್ನು ಮತ್ತೆ ಜ್ವಾಲೆಗೆ ಹಿಡಿಯುತ್ತಾರೆ. ಕಣ್ಣಲ್ಲಿ ಹಳೆಯ ತುಂಟತನ.

"ಅವಳ ರೂಮಲ್ಲಿ ಒಂದು ಆಳೆತ್ತರದ ಕನ್ನಡಿ ಇದೆ. ಅವಳು ಅದರ ಮುಂದೆ ಕೂತು ತಲೆ ಬಾಚ್ಕೊಳ್ತಾಳೆ, ನಾನು ಸುಳ್ಳು ಹೇಳಿ ನಗಿಸ್ತೀನಿ. ನಾನಂತೂ ಅವಳ ಎದುರಿಗೆ ಕೂರಲ್ಲ. ಮತ್ತೆಲ್ಲಿ ಕೂರ್ತೀನಿ? ನೀವೇ ಹೇಳಿ ನೋಡೋಣ."