ಕುಡಿಸಿದ ಹಾಲು ಎಲ್ಲಿ ಹೋಯಿತು

ಮಗನಿಗೆ ಕತ್ತು ನಿಲ್ಲಲಿಲ್ಲ.

ಓರಗೆಯ ಮಕ್ಕಳು ತೆವಳುವಾಗಲೂ ಇವನ ತಲೆ ನನ್ನ ತೋಳಿನ ಮೇಲೆ ವಾಲುತ್ತಿತ್ತು. ಎಷ್ಟು ಕುಡಿಸಿದರೂ ಮೈ ಹತ್ತುತ್ತಿರಲಿಲ್ಲ. ಕ್ಯಾತನಹಳ್ಳಿಯ ಡೈರಿ ಮುಂದೆ, ಹಾಲಿನ ಕ್ಯಾನು ಹಿಡಿದು ನಿಂತ ಹೆಂಗಸರೆಲ್ಲರ ಎದುರು ನನ್ನ ಅತ್ತೆ ಅಂದುಬಿಟ್ಟಳು: “ಮಗೀನ ಪಾಲಿನ ಆಲ್ನೂ ತಂದು ಇಲ್ಲಿ ಸುರೀತಾಳೆ. ಇನ್ನು ಕತ್ತು ಎಲ್ಲಿಂದ ನಿಂತದು?”

ಅತ್ತೆ ಹೊರಗಿನವಳಲ್ಲ. ನನ್ನ ಅವ್ವನ ಅವ್ವ. ನನ್ನನ್ನು ಸೋದರಮಾವನಿಗೇ ಕೊಟ್ಟಿದ್ದರಿಂದ ಅಜ್ಜಿಯೇ ಅತ್ತೆಯಾದಳು. ನನ್ನನ್ನು ಎತ್ತಿ ಆಡಿಸಿದವಳೇ ಹಾಗಂದಳು. ಇದನ್ನು ಬಡ್ಡಿ ಸಮೇತ ತೀರಿಸದೆ ಬಿಡುವುದಿಲ್ಲ ಎಂದು ಅವತ್ತೇ ಅಂದುಕೊಂಡೆ.

ಶ್ರೀರಂಗಪಟ್ಟಣದ ಮಕ್ಕಳ ಡಾಕ್ಟರು ಥೈರಾಯಿಡ್ ಟೆಸ್ಟ್ ಮಾಡಿಸಿ ಮೈಸೂರಿಗೆ ಕಳಿಸಿದರು. ಅಲ್ಲಿ ಜೆನೆಟಿಕ್ ಟೆಸ್ಟ್ ಆಯಿತು. ರಿಪೋರ್ಟಿನ ದಿನ ಅಜ್ಜಿಯೂ ಬಂದಳು, ನನ್ನ ತಪ್ಪನ್ನು ಕಿವಿಯಾರೆ ಕೇಳುವುದಕ್ಕೆ.

“ಥೈರಾಯಿಡ್ ಹಾರ್ಮೋನ್ ರಕ್ತದಲ್ಲಿ ಬೇಕಾದಷ್ಟಿದೆ,” ಅಂದರು ಡಾಕ್ಟರು. “ಆದರೆ ಅದು ಜೀವಕೋಶದೊಳಕ್ಕೆ ತಾನಾಗಿ ಹೋಗಲಾರದು. ಕೋಶದ ಪೊರೆಯಲ್ಲಿ ಅದನ್ನು ಒಳಗೆ ಬಿಟ್ಟುಕೊಳ್ಳುವ ಪ್ರೋಟೀನ್ ಇರುತ್ತದೆ, ಬಾಗಿಲಿದ್ದ ಹಾಗೆ. ಮೆದುಳಿಗೆ ಬೇಕಾದ ಆ ಬಾಗಿಲು ಇವನಿಗೆ ತೆರೆಯುತ್ತಿಲ್ಲ. ಅಲ್ಲಿಗೆ ಹಾರ್ಮೋನ್ ಸಾಲದು, ಉಳಿದ ಮೈಗೆ ಅತಿ. ಕುಡಿದ ಹಾಲೆಲ್ಲ ಅದಕ್ಕೇ ಕರಗಿಹೋಗುತ್ತಿದೆ.”

“ಕೇಳಿಸ್ಕಂಡ್ಯಾ ಅಜ್ಜಿ?” ಅಂದೆ.

ಈ ದೋಷವನ್ನು ಹೊತ್ತಿರುವವರು ಹೆಣ್ಣುಮಕ್ಕಳು, ಕಾಯಿಲೆ ಬೀಳುವವರು ಗಂಡುಮಕ್ಕಳು ಎಂದರು ಡಾಕ್ಟರು.

“ನಾನೇಳ್ನಿಲ್ವಾ, ಎಲ್ಲಾ ಇವಳಿಂದ್ಲೇ ಅಂತ,” ಅಂದಳು ಅಜ್ಜಿ.

“ನಿಮ್ಮ ತಾಯಿ ಕಡೆ ಹೀಗಿದ್ದ ಗಂಡುಮಗು ಯಾವುದಾದರೂ ಇತ್ತಾ?” ಡಾಕ್ಟರು ನನ್ನನ್ನು ಕೇಳಿದರು.

ಇತ್ತು.

ಅಜ್ಜಿಯ ಚೊಚ್ಚಲ ಮಗ, ಕತ್ತು ನಿಲ್ಲದೆಯೇ ತೀರಿಕೊಂಡ. ಕನಿಕರವಿಲ್ಲದೆ, ಅವಳ ಮುಖ ನೋಡಿಕೊಂಡೇ ಹೇಳಿದೆ. “ಅಂಗಾರೆ ನಂಗೆ ನಮ್ಮವ್ವನಿಂದ, ನಮ್ಮವ್ವಂಗೆ ಅಜ್ಜಿಯಿಂದ್ಲೇ ಬಂದಿದ್ದಲ್ವಾ ಡಾಕ್ಟ್ರೇ?”

“ಬಹುತೇಕ ಹಾಗೇ. ಆದರೆ ಇದರಲ್ಲಿ ಯಾರ ತಪ್ಪೂ ಇಲ್ಲ.”

ಆ ಕೊನೆಯ ಮಾತು ನನಗೆ ಬೇಕಿರಲಿಲ್ಲ.

ಮಾರನೆಯ ಬೆಳಿಗ್ಗೆ ಡೈರಿ ಮುಂದೆ, ಅದೇ ಹೆಂಗಸರ ಎದುರು, “ಈಗ ಯೋಳಜ್ಜಿ” ಅಂದೆ.

ಅಜ್ಜಿ ಕ್ಯಾನು ಕೆಳಗಿಟ್ಟಳು. “ಇವಳು ಆಲು ಕುಡ್ಸವ್ಳೆ ಕಣ್ರವ್ವಾ. ನಾನೂ ನನ್ ಮಗೀಗೆ ಕುಡ್ಸಿದ್ದೆ. ಆಗ ನಮ್ಮತ್ತೆ ನಂಗೂ ಇದೇ ಮಾತಂದಿದ್ಲು.”

ಸೇಡು ತೀರಿತು. ಹೊಟ್ಟೆಯ ಉರಿ ಮಾತ್ರ ಆರಿಲ್ಲ. ತಾನು ಉಂಡ ನೋವನ್ನೇ ನನಗೆ ಬಡಿಸಿದಳಲ್ಲ ಎಂದು ಇನ್ನಷ್ಟು ಸಿಟ್ಟು ಬರುತ್ತದೆ.

ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ ಎಂದಿದ್ದಾರೆ. ಮಾತ್ರೆಯಿಂದ ಮೈ ಸ್ವಲ್ಪ ಹತ್ತಿದೆ, ಅಷ್ಟೇ ಪುಣ್ಯ. ನಾನು ಹಾಲು ಕುಡಿಸುವಾಗ ಅವನ ಕತ್ತಿನ ಕೆಳಗೆ ಕೈಯಿಟ್ಟು ಕೂರುವವಳು ಅಜ್ಜಿ. ಅವಳನ್ನು ನಾನಿನ್ನೂ ಕ್ಷಮಿಸಿಲ್ಲ. ಕೈ ತೆಗಿ ಎಂದೂ ಅಂದಿಲ್ಲ.