ಡಬ್ಬಿ ಇಲ್ಲದ ಕಂಪ್ಯೂಟರ್

ನನ್ನ ಜೀಪ್ ಕಂಡ್ರ ಹುಮನಾಬಾದ ದಾರ್ಯಾಗಿನ ತಗ್ಗು-ಖಡ್ಡಾಗಳು ತಾವೇ ಬಾಜೂ ಸರೀತಿದ್ದವು. ಅಂಥಾ ನನಗ ಬಸವಕಲ್ಯಾಣದಾಗ ಕಳ್ಳ ಅನ್ನೋ ಹೆಸರು ಬಂತು. ಹುಮನಾಬಾದದ ಅಂಗಡಿಯಿಂದ ಬಸವಕಲ್ಯಾಣದ ಕಂಪ್ಯೂಟರ್ ಕ್ಲಾಸಿಗಿ ಹೊಸಾ ನಮೂನಿ ಕಂಪ್ಯೂಟರ್ ತಂದು ಇಳಿಸಿದ್ದೆ. ಎಲ್ಲಾ ಯಂತ್ರ ಪರದೆ ಒಳಗೇ ಇತ್ತು. ಹಳೇ ಕಂಪ್ಯೂಟರಿಗಿ ಇದ್ದಂಗ ಬಾಜೂಕ ಡಬ್ಬಿ ಇರಲಿಲ್ಲ.

ಕಲಿಯಾಕ ಬಂದ ಹುಡುಗ್ಯಾರು, "ಕಾಕಾ, ಏನ್ ಚಂದ ಅದರಿ!" ಅಂದ್ರು. ಅವರ ಜೋಡಿ ಕಲೀತಿದ್ದ ರಿಟೈರ್ ಮಾಸ್ತರು ಮಾತ್ರ ಮೇಜಿನ ಕೆಳಗ ಬಗ್ಗಿ ಹುಡುಕಿದ್ರು.

"ಏ ಡ್ರೈವರ್, ಡಬ್ಬಿ ಯಾರಿಗಿ ಮಾರಿದ್ಯೋ?"

"ಇದಕ್ಕ ಡಬ್ಬಿನೇ ಇಲ್ರಿ, ಮಾಸ್ತರ್."

"ತಲಿ ಅದ, ಹೊಟ್ಟಿ ಇಲ್ಲಂದ್ರ ಹ್ಯಾಂಗ ನಡೀತದ?"

ಕ್ಲಾಸಿನ ಮಾಲಕ ಅಂಗಡಿಗಿ ಫೋನ್ ಹಚ್ಚಿ ಕೇಳಿದ. ನಾ ಹೇಳಿದ್ದೇ ಖರೆ ಆತು. ಆದರೂ ಮಾಸ್ತರು, "ಅರ್ಧಾ ಕಂಪ್ಯೂಟರ್ ಮ್ಯಾಲ ನಾ ಕಲಿಯಾಂಗಿಲ್ಲ" ಅಂತ ಎದ್ದೇ ಬಿಟ್ರು. ಅವರ ಹಿಂದ ಇನ್ನಿಬ್ಬರು ಎದ್ರು. ಮಾಲಕನ ಮಾರಿ ಸಣ್ಣದಾತು.

ನನ್ನಂಥಾ ಶಾಣ್ಯಾ ಸುಮ್ಮ ಕೂಡ್ತಾನೇನು? ಜೀಪಿನಾಗಿನ ಖಾಲಿ ತಗಡಿನ ಡಬ್ಬಿ ತಂದು ಪರದೆ ಬಾಜೂಕ ಇಟ್ಟೆ.

ಮಾಸ್ತರು ಕುಂತು ನಾಕು ಅಕ್ಷರ ಒತ್ತಿ, "ಈಗ ನೋಡ್ರಿ, ಹ್ಯಾಂಗ ಓಡಾಕತ್ತದ!" ಅಂದ್ರು.

ಓದಿದವರ ಬುದ್ಧಿಗಿ ನನ್ನದೊಂದು ಸಲಾಮು. ಇವತ್ತಿಗೂ ಅವರು ಊರ ತುಂಬ ಹೇಳ್ಕೋತ ತಿರುಗ್ತಾರ: "ಡಬ್ಬಿ ಡ್ರೈವರನೇ ಕದ್ದಿದ್ದ. ನನಗ ಅಂಜಿ ವಾಪಸ್ ತಂದಿಟ್ಟ."